ಜನವರಿಯ ಹೆಲ್ಸಿಂಕಿಗೆ ಬಾಣಂತನಕ್ಕೆ ಹೋಗಬಹುದೇ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಹತ್ತಿರದ ಊರು. ನನಗೆ 61 ವರ್ಷ. ಬಿಪಿಗೆ, ಶುಗರ್‌ಗೆ ಮಾತ್ರೆ ತಗೊಳ್ಳುತ್ತೇನೆ. ಮಂಡಿ ನೋವಿದೆ, ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿಯಬೇಕು. ಯಜಮಾನರಿಗೆ 67. ಒಂದೂವರೆ ವರ್ಷದ ಹಿಂದೆ ಹೃದಯಕ್ಕೆ ಸ್ಟೆಂಟ್ ಹಾಕಿದ್ದಾರೆ. ಈಗ ಚೆನ್ನಾಗಿದ್ದಾರೆ, ದಿನಾ ಬೆಳಗ್ಗೆ ಐದೂವರೆಗೆ ವಾಕಿಂಗ್ ಹೋಗುತ್ತಾರೆ. ಮಗಳು ಅಳಿಯ ಫಿನ್‌ಲ್ಯಾಂಡಿನಲ್ಲಿ, ಹೆಲ್ಸಿಂಕಿ ಪಕ್ಕದ ಎಸ್ಪೋದಲ್ಲಿದ್ದಾರೆ. ಜನವರಿ ಕೊನೆಗೆ ಮಗಳ ಹೆರಿಗೆ. ಅಲ್ಲಿ ಮೈನಸ್ 40 ಇರುತ್ತದೆ, ಸ್ಟೆಂಟ್ ಲೋಹದ್ದು, ಚಳಿಗೆ ಕುಗ್ಗಿಬಿಡುತ್ತದೆ, ರಕ್ತ ಗಟ್ಟಿಯಾಗುತ್ತದೆ ಅಂತ ನೆಂಟರು ಹೆದರಿಸುತ್ತಿದ್ದಾರೆ. ಮನೆಯೊಳಗೆ ಬೆಚ್ಚಗಿರುತ್ತದೆ, ಸುಮ್ನೆ ಬನ್ನಿ ಅಂತಾಳೆ ಮಗಳು. ಯಜಮಾನರನ್ನು ಬಿಟ್ಟು ನಾನೊಬ್ಬಳೇ ಹೋಗಲೇ? ಇಬ್ಬರೂ ಏಪ್ರಿಲ್‌ಗೆ ಹೋಗುವುದು ಒಳ್ಳೆಯದೇ? ಆ ಚಳಿಯಲ್ಲಿ ಕೂಸಿಗೆ ಎಣ್ಣೆ-ನೀರು ಹಾಕುವುದು ಹೇಗೆ? ಸಾಂಬ್ರಾಣಿ, ತುಪ್ಪ ತಗೊಂಡು ಹೋಗಬಹುದೇ?

ಉತ್ತರ: ನಿಮ್ಮ ಪತ್ರದ ತುಂಬ ಯಜಮಾನರ ಸ್ಟೆಂಟಿನ ಚಿಂತೆಯೇ ಇದೆ. ನಿಮ್ಮ ಮಂಡಿಗೆ ಸಿಕ್ಕಿದ್ದು ಒಂದೇ ಸಾಲು. ನನ್ನ ಲೆಕ್ಕ ಉಲ್ಟಾ. ನೀವು ಬರೆದಿರುವುದಷ್ಟೇ ನಿಜವಾದರೆ, ಈ ಪ್ರಯಾಣದಲ್ಲಿ ಅವರ ಹೃದಯಕ್ಕಿಂತ ನಿಮ್ಮ ಕಾಲಿನ ಬಗ್ಗೆ ನನಗೆ ಜಾಸ್ತಿ ಆತಂಕ.

ಮಕ್ಕಳ ಬಾಣಂತನಕ್ಕೆ ಚಳಿ ದೇಶಗಳಿಗೆ ಹೊರಟ ಅಪ್ಪ-ಅಮ್ಮಂದಿರನ್ನು ಪರೀಕ್ಷಿಸಿ ಕಳಿಸುವುದು, ವಾಪಸ್ ಬಂದ ಮೇಲೆ ಮತ್ತೆ ನೋಡುವುದು, ವೈದ್ಯನಾಗಿ ನನ್ನ ಕೆಲಸದ ಒಂದು ಭಾಗ. ಹೋಗುವಾಗ ಎಲ್ಲರ ಬಾಯಲ್ಲೂ ಚಳಿಯದೇ ಮಾತು. ಬಂದ ಮೇಲೆ ತೋರಿಸುವುದು ಪ್ಲಾಸ್ಟರ್ ಹಾಕಿದ ಮಣಿಕಟ್ಟು, ಬಿರಿದ ಹಿಮ್ಮಡಿ, ನಿದ್ದೆಗೆಟ್ಟ ಕಣ್ಣು. ಮೈ ಹೆಪ್ಪುಗಟ್ಟಿಸಿಕೊಂಡು ಬಂದವರನ್ನು ನಾನು ನೋಡಿಲ್ಲ. ಜಾರಿ ಬಿದ್ದು ಬಂದವರನ್ನು ಬೇಕಾದಷ್ಟು ನೋಡಿದ್ದೇನೆ.

ಮೊದಲು ನೆಂಟರ ಮಾತು ಮುಗಿಸೋಣ. ಮೈನಸ್ 40 ಸುಳ್ಳಲ್ಲ. 2024ರ ಜನವರಿಯಲ್ಲಿ ಎನೊಂಟೆಕಿಯೊ ಎಂಬಲ್ಲಿ ಮೈನಸ್ 44ಕ್ಕೆ ಇಳಿದಿತ್ತು. ಆದರೆ ಅದು ಲ್ಯಾಪ್‌ಲ್ಯಾಂಡ್, ದೇಶದ ಉತ್ತರದ ತುದಿ. ಹೆಲ್ಸಿಂಕಿ, ಎಸ್ಪೋ ಇರುವುದು ದಕ್ಷಿಣದ ತುದಿಯಲ್ಲಿ, ಸಮುದ್ರದ ದಡದಲ್ಲಿ. ಅಲ್ಲಿ ಜನವರಿ, ಫೆಬ್ರವರಿಯ ಸರಾಸರಿ ಮೈನಸ್ 3, 4ರ ಆಸುಪಾಸು. ಕೆಲವು ದಿನ ಮೈನಸ್ 15, ಒಮ್ಮೊಮ್ಮೆ ಮೈನಸ್ 20 ಮುಟ್ಟುತ್ತದೆ. ಕೆಲವು ದಿನ ಸೊನ್ನೆ ದಾಟಿ ಮಳೆಯೂ ಬರುತ್ತದೆ. ಈ ಮಳೆ ಬರುವ ದಿನಗಳನ್ನು ನೆನಪಿಡಿ. ನಿಮ್ಮ ಮಟ್ಟಿಗೆ ಅಪಾಯದ ದಿನಗಳು ಅವೇ.

ಸ್ಟೆಂಟ್ ಕುಗ್ಗುವುದಿಲ್ಲ. ಅದು ಇರುವುದು ಎದೆಯೊಳಗೆ, 37 ಡಿಗ್ರಿ ರಕ್ತದ ನಡುವೆ. ಹೊರಗೆ ಎಷ್ಟೇ ಚಳಿಯಿದ್ದರೂ ದೇಹ ಆ ಶಾಖವನ್ನು ಬಿಟ್ಟುಕೊಡುವುದಿಲ್ಲ. ಹಾಗಂತ ಹೃದಯಕ್ಕೂ ಚಳಿಗೂ ಸಂಬಂಧವೇ ಇಲ್ಲ ಅನ್ನುವಂತಿಲ್ಲ. ಒಳಗಿನ ಶಾಖ ಉಳಿಸಲು ಚರ್ಮದ ಕೆಳಗಿನ ರಕ್ತನಾಳಗಳು ಸಂಕುಚಿಸುತ್ತವೆ. ಆಗ ಬಿಪಿ ಏರುತ್ತದೆ, ಹೃದಯ ಜಾಸ್ತಿ ಒತ್ತಡದ ಎದುರು ರಕ್ತ ತಳ್ಳಬೇಕಾಗುತ್ತದೆ. ಚಳಿಗಾಲದಲ್ಲಿ ಹೃದಯಾಘಾತ ಹೆಚ್ಚುವುದು ಯುರೋಪಿನ ವೈದ್ಯರಿಗೆ ಬಹಳ ಕಾಲದಿಂದ ಗೊತ್ತಿರುವ ವಿಷಯ. ನೆಂಟರು ಹೇಳಿದ ಕಾರಣ ತಪ್ಪು, ಆದರೆ ಭಯಕ್ಕೆ ಪೂರ್ತಿ ಆಧಾರವಿಲ್ಲ ಎಂದಲ್ಲ.

ಯಜಮಾನರ ವಿಷಯದಲ್ಲಿ ಬದಲಾಗಬೇಕಾದದ್ದು ಮುಖ್ಯವಾಗಿ ಒಂದು ಅಭ್ಯಾಸ: ಬೆಳಗಿನ ಐದೂವರೆಯ ವಾಕಿಂಗ್. ನಸುಕಿನಲ್ಲಿ ಬಿಪಿ ತಾನಾಗಿಯೇ ಏರುವ ಹೊತ್ತು. ಅಲ್ಲಿ ಆ ಹೊತ್ತಿಗೆ ಗಾಢ ಕತ್ತಲೆ, ಚಳಿಯೂ ತೀವ್ರ. ನೆಲ ಕಾಣುವುದಿಲ್ಲ. ಆ ವಾಕಿಂಗ್ ಬೇಡವೇ ಬೇಡ. ಮಧ್ಯಾಹ್ನ 12ರಿಂದ 2ರ ನಡುವೆ ಹೋಗಲಿ, ಮೊದಲ ಹತ್ತು ನಿಮಿಷ ನಿಧಾನ ನಡೆಯಲಿ. ಸಮುದ್ರದಿಂದ ಗಾಳಿ ಬೀಸುವ ದಿನ ಹೊರಗಿನ ನಡಿಗೆ ಬಿಟ್ಟುಬಿಡಲಿ. ಎಸ್ಪೋದ ಮಾಟಿನ್‌ಕ್ಯುಲಾ ಮೆಟ್ರೋ ನಿಲ್ದಾಣಕ್ಕೆ ಅಂಟಿಕೊಂಡೇ ಇಸೊ ಓಮೆನಾ ಎಂಬ ದೊಡ್ಡ ಮಾಲ್ ಇದೆ, ಅದರೊಳಗೆ ಗ್ರಂಥಾಲಯವೂ ಇದೆ. ಹೆಲ್ಸಿಂಕಿ ನಡುವಿನಲ್ಲಿ ರೈಲು ನಿಲ್ದಾಣದ ಪಕ್ಕದಲ್ಲೇ ಓದಿ ಎಂಬ ಗ್ರಂಥಾಲಯವಿದೆ, 2018ರ ಡಿಸೆಂಬರ್‌ನಲ್ಲಿ ತೆರೆದದ್ದು. ಯಾರು ಬೇಕಾದರೂ ಒಳಗೆ ಹೋಗಿ ಓಡಾಡಬಹುದು, ಕೂರಬಹುದು. ಅಲ್ಲಿನ ಹಿರಿಯರೂ ಚಳಿಗಾಲ ಕಳೆಯುವುದು ಇಂಥ ಜಾಗಗಳಲ್ಲೇ.

ನಡೆಯುವಾಗ ಮೂಗು-ಬಾಯಿ ಮುಚ್ಚುವ ಹಾಗೆ ಮಫ್ಲರ್ ಸುತ್ತಿಕೊಳ್ಳಲಿ. ಒಳಗೆಳೆಯುವ ಗಾಳಿ ಸ್ವಲ್ಪವಾದರೂ ಬೆಚ್ಚಗಾಗುತ್ತದೆ. ಎದೆ ಬಿಗಿದ ಹಾಗಾದರೆ, ದವಡೆಗೋ ಎಡಗೈಗೋ ನೋವು ಹರಿದರೆ, ಅಲ್ಲೇ ನಿಲ್ಲಬೇಕು. ಮನೆ ಹತ್ತಿರ ಬಂತು, ಹೋಗಿಬಿಡೋಣ ಅನ್ನುವುದು ಬೇಡ. ನಾಲಿಗೆ ಕೆಳಗೆ ಇಡುವ ಮಾತ್ರೆಯನ್ನು ಅವರ ವೈದ್ಯರು ಬರೆದುಕೊಟ್ಟಿದ್ದರೆ ಅದು ಒಳಜೇಬಿನಲ್ಲಿರಲಿ, ಮನೆಯ ಬ್ಯಾಗಿನಲ್ಲಲ್ಲ. ತುರ್ತು ಸಂಖ್ಯೆ 112. ಇಂಗ್ಲಿಷಿನಲ್ಲಿ ಮಾತಾಡಬಹುದು.

ಇನ್ನೊಂದು. ಅಳಿಯಂದಿರು ಮನೆ ಮುಂದಿನ ಹಿಮ ಬಾಚುತ್ತಿದ್ದರೆ, ನಮ್ಮ ಕಡೆಯ ಗಂಡಸರು ಸುಮ್ನೆ ನೋಡುತ್ತಾ ನಿಲ್ಲುವುದಿಲ್ಲ, ಸಲಿಕೆ ಕಸಿದುಕೊಳ್ಳುತ್ತಾರೆ. ಸ್ಟೆಂಟ್ ಇರುವವರು ಆ ಕೆಲಸಕ್ಕೆ ಕೈ ಹಾಕಬಾರದು. ಚಳಿಯಲ್ಲಿ ಉಸಿರು ಬಿಗಿಹಿಡಿದು ಭಾರ ಎತ್ತುವುದು ಹೃದಯಕ್ಕೆ ಏಕಕಾಲಕ್ಕೆ ಎರಡು ಹೊಡೆತ. ಹಾಗೆಯೇ, ಚಳಿಗೆ ಒಂದು ಪೆಗ್ ಒಳ್ಳೆಯದು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸುತ್ತದೆ. ಬೆಚ್ಚಗಾದ ಹಾಗೆ ಅನಿಸುತ್ತದೆ, ಒಳಗಿನ ಶಾಖ ಹೊರಗೆ ಸೋರುತ್ತಿರುತ್ತದೆ.

ಈಗ ನಿಮ್ಮ ಮಂಡಿಯ ವಿಷಯ.

ನಡೆಯುವವರಿಗೆ ಮೈನಸ್ 15ರ ದಿನ ಅಷ್ಟೇನೂ ಕೆಟ್ಟದ್ದಲ್ಲ. ಹಿಮ ಒಣಗಿ ಗಟ್ಟಿಯಾಗಿರುತ್ತದೆ, ಕಾಲಿಟ್ಟರೆ ಕರಕರ ಸದ್ದು ಮಾಡುತ್ತದೆ, ಬೂಟಿಗೆ ಹಿಡಿತ ಸಿಗುತ್ತದೆ. ಕೆಟ್ಟ ದಿನವೆಂದರೆ ಸೊನ್ನೆಯ ಆಚೀಚೆ ಇರುವ ದಿನ. ಹಗಲು ಹಿಮ ಕರಗಿ ನೀರಾಗುತ್ತದೆ, ರಾತ್ರಿ ಆ ನೀರು ಗಾಜಿನ ಹಾಗೆ ಗಟ್ಟಿಯಾಗುತ್ತದೆ. ಅದರ ಮೇಲೆ ತೆಳ್ಳಗೆ ಹೊಸ ಹಿಮ ಬಿದ್ದರೆ ಕೆಳಗಿನ ಮಂಜುಗಡ್ಡೆ ಕಾಣುವುದೇ ಇಲ್ಲ. ಗಡ್ಡೆಯ ಮೇಲೆ ಮಳೆ ಬಿದ್ದರೆ ಇನ್ನೂ ಕಷ್ಟ. ಇಂಥ ದಿನಗಳಿಗೆಂದೇ ಫಿನ್‌ಲ್ಯಾಂಡಿನ ಹವಾಮಾನ ಇಲಾಖೆ ಪಾದಚಾರಿಗಳಿಗೆ ಬೇರೆಯಾಗಿ ಜಾರುವ ಎಚ್ಚರಿಕೆ ಕೊಡುತ್ತದೆ. ಬೆಳಗ್ಗೆ ಎದ್ದ ತಕ್ಷಣ ಮಗಳ ಹತ್ತಿರ ಕೇಳಬೇಕಾದದ್ದು ಎಷ್ಟು ಡಿಗ್ರಿ ಅಂತಲ್ಲ, ಇವತ್ತು ಜಾರುತ್ತದಾ ಅಂತ.

ಕಾಲುದಾರಿಗಳ ಮೇಲೆ ಜಲ್ಲಿಪುಡಿ ಹರಡುತ್ತಾರೆ. ಅದು ಬಿದ್ದಿರುವ ಕಡೆಯೇ ಕಾಲಿಡಿ. ಹೆಲ್ಸಿಂಕಿಯ ಅಲೆಕ್ಸಾಂಟರಿನ್‌ಕಾಟುವಿನಂಥ ನಡುಪೇಟೆಯ ಕೆಲವು ಬೀದಿಗಳ ಕೆಳಗೆ ಬಿಸಿನೀರಿನ ಕೊಳವೆ ಹಾಯಿಸಿದ್ದಾರೆ, ಅಲ್ಲಿ ಹಿಮ ನಿಲ್ಲುವುದಿಲ್ಲ. ಆದರೆ ಆ ಬೀದಿ ಮುಗಿದು ಪಕ್ಕದ ಓಣಿಗೆ ತಿರುಗಿದ ಕೂಡಲೇ ಗಡ್ಡೆ. ಜನ ಬೀಳುವುದು ಹೀಗೆ ನೆಲ ಬದಲಾಗುವ ಜಾಗಗಳಲ್ಲೇ: ಟ್ರ್ಯಾಮ್‌ನಿಂದ ಇಳಿಯುವಾಗ, ಅಂಗಡಿ ಬಾಗಿಲು ದಾಟುವಾಗ, ಕಾರಿನಿಂದ ಮೊದಲ ಕಾಲು ಕೆಳಗಿಡುವಾಗ.

ಹೇಗೆ ನಡೆಯಬೇಕು ಎಂದು ಮಲೆನಾಡಿನವರಿಗೆ ನಾನು ಹೇಳಿಕೊಡಬೇಕಿಲ್ಲ. ಆಷಾಢದಲ್ಲಿ ಪಾಚಿ ಕಟ್ಟಿದ ಅಂಗಳ ದಾಟುತ್ತೀರಲ್ಲ, ಅದೇ ನಡಿಗೆ. ಪುಟ್ಟ ಪುಟ್ಟ ಹೆಜ್ಜೆ, ಪಾದ ಪೂರ್ತಿ ನೆಲಕ್ಕೆ, ಮೈಭಾರ ಮುಂದಿನ ಕಾಲಿನ ಮೇಲೆ. ಕೈ ಜೇಬಿನಲ್ಲಿ ಬೇಡ, ಗ್ಲೌಸ್ ಹಾಕಿಕೊಂಡು ಹೊರಗಿರಲಿ. ಕೈಚೀಲ ಬೇಡ, ಬೆನ್ನಿಗೆ ಹಾಕುವ ಚೀಲ ಇರಲಿ.

ಬೂಟನ್ನು ಇಲ್ಲಿ ಕೊಳ್ಳಬೇಡಿ. ಇಲ್ಲಿ ಸಿಗುವ ಟ್ರೆಕ್ಕಿಂಗ್ ಶೂಗಳ ಅಡಿ ಚಳಿಗೆ ಗಡುಸಾಗಿ ಗಡ್ಡೆಯ ಮೇಲೆ ಜಾರಬಹುದು. ಅಲ್ಲಿ ಅಡಿಭಾಗದಲ್ಲೇ ಸಣ್ಣ ಉಕ್ಕಿನ ಮೊಳೆಗಳಿರುವ ಚಳಿಗಾಲದ ಬೂಟು ಸಿಗುತ್ತದೆ. ಮಾಮೂಲಿ ಬೂಟಿನ ಮೇಲೆ ರಬ್ಬರ್ ಪಟ್ಟಿಯಿಂದ ಹಾಕಿಕೊಳ್ಳುವ ಮೊಳೆಯ ಬಲೆಯೂ ಸಿಗುತ್ತದೆ. ಮೊಳೆ ಇರುವ ಬೂಟು ಗಡ್ಡೆಯ ಮೇಲೆ ಕಚ್ಚಿ ಹಿಡಿಯುತ್ತದೆ, ಮಾಲ್‌ನ ನುಣುಪು ಕಲ್ಲಿನ ನೆಲದ ಮೇಲೆ ಅದೇ ಮೊಳೆ ಜಾರಿಸುತ್ತದೆ. ಒಳಗೆ ಹೋಗುವ ಮುಂಚೆ ಬಲೆ ಬಿಚ್ಚಬೇಕು. ಮಂಡಿ ನೋವಿದ್ದು ಬಗ್ಗುವುದು ಕಷ್ಟವಾದರೆ ಅಂಗಡಿಯಲ್ಲೇ ಕೂತು ಹಾಕಿ-ಬಿಚ್ಚಿ ನೋಡಿ, ಸಲೀಸಾಗಿ ಬರುವುದನ್ನೇ ಆರಿಸಿ. ದಪ್ಪ ಉಣ್ಣೆ ಕಾಲುಚೀಲ ಹಾಕಿಕೊಂಡೇ ಅಳತೆ ನೋಡಿ. ಬೆರಳು ಆಡಿಸಲು ಜಾಗ ಇರಬೇಕು. ಬಿಗಿ ಬೂಟಿನಲ್ಲಿ ಮೂರು ಜೊತೆ ಕಾಲುಚೀಲ ತುರುಕಿದರೆ ರಕ್ತ ಓಡಾಡದೆ ಪಾದ ಇನ್ನಷ್ಟು ತಣ್ಣಗಾಗುತ್ತದೆ. ಊರುಗೋಲು ಬಳಸುವುದಾದರೆ ತುದಿಯಲ್ಲಿ ಮಡಚುವ ಮೊಳೆ ಇರುವಂಥದ್ದು ಅಲ್ಲಿ ಸಿಗುತ್ತದೆ. ಊರುಗೋಲು ಹಿಡಿಯಲು ನಾಚಿಕೆ ಬೇಡ.

ಸೀರೆಯ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಮನೆಯೊಳಗೆ ಸೀರೆ ಚೆನ್ನಾಗಿ ನಡೆಯುತ್ತದೆ. ಹೊರಗೆ ಬೇಡ. ಅಂಚು ಕೆಸರುಹಿಮದಲ್ಲಿ ನೆನೆದು ಭಾರವಾಗಿ ಬೂಟಿಗೆ ಸಿಕ್ಕಿಕೊಳ್ಳುತ್ತದೆ. ಥರ್ಮಲ್ ಮೇಲೆ ಪ್ಯಾಂಟ್ ಅಥವಾ ಚೂಡಿದಾರ್ ಹಾಕಿ, ಮೇಲೆ ಗಾಳಿ ತಡೆಯುವ ಉದ್ದ ಜಾಕೆಟ್ ಹಾಕಿ. ಒಳಗೆ ಮೈಗಂಟುವ ಥರ್ಮಲ್, ನಡುವೆ ಉಣ್ಣೆ ಸ್ವೆಟರ್, ಹೊರಗೆ ಜಾಕೆಟ್, ಇಷ್ಟು ಸಾಕು. ಮೈಗೆ ತಾಗುವ ಪದರ ಹತ್ತಿಯದಾಗಿರಬಾರದು, ಬೆವರು ಹೀರಿ ಒದ್ದೆಯಾಗಿ ತಣ್ಣಗಾಗುತ್ತದೆ. ಬಸ್ಸು, ಮೆಟ್ರೋ, ಅಂಗಡಿ ಎಲ್ಲವೂ ಬೆಚ್ಚಗಿರುತ್ತವೆ. ಹತ್ತಿದ ಕೂಡಲೇ ಜಾಕೆಟ್ ಬಿಚ್ಚಬೇಕು. ಒಳಗೆ ಬೆವೆತು ಹೊರಗೆ ಬಂದವರಿಗೇ ಜಾಸ್ತಿ ಚಳಿಯಾಗುವುದು. ಮಂಕಿ ಕ್ಯಾಪ್ ಧಾರಾಳವಾಗಿ ತಗೊಂಡು ಹೋಗಿ.

ನಿಮಗೆ ಶುಗರ್ ಇರುವುದರಿಂದ ಪಾದದ ಬಗ್ಗೆ ಇನ್ನೂ ಸ್ವಲ್ಪ ಎಚ್ಚರ ಬೇಕು. ವರ್ಷಾನುಗಟ್ಟಲೆ ಸಕ್ಕರೆ ಇದ್ದವರಿಗೆ ಪಾದದ ಸ್ಪರ್ಶ ಮಂದವಾಗಿರುತ್ತದೆ. ತಣ್ಣಗಾದದ್ದೂ ಗೊತ್ತಾಗುವುದಿಲ್ಲ, ಸುಟ್ಟದ್ದೂ ಗೊತ್ತಾಗುವುದಿಲ್ಲ. ಹೊರಗಿನಿಂದ ಬಂದು ಕಿಟಕಿ ಕೆಳಗಿನ ಹೀಟರ್‌ಗೆ ಕಾಲು ಒತ್ತಿ ಕೂರುವುದು, ಹಾಸಿಗೆಯಲ್ಲಿ ಬಿಸಿನೀರಿನ ಚೀಲ ಇಟ್ಟುಕೊಳ್ಳುವುದು ಬೇಡ. ಬೊಬ್ಬೆ ಎದ್ದ ಮೇಲೆ ಬೆಳಗ್ಗೆ ಕಣ್ಣಿಗೆ ಬೀಳುತ್ತದೆ. ರಾತ್ರಿ ಮಲಗುವ ಮುಂಚೆ ಬೆಳಕಿನಲ್ಲಿ ಪಾದದ ಅಡಿ, ಬೆರಳ ಸಂದು ನೋಡಿಕೊಳ್ಳಿ. ಗ್ಲುಕೋಮೀಟರ್ ತುಂಬ ತಣ್ಣಗಾದರೆ ತಪ್ಪು ತೋರಿಸುತ್ತದೆ ಅಥವಾ ಓದುವುದೇ ಇಲ್ಲ. ಹೊರಗೆ ಒಯ್ಯುವುದಾದರೆ ಜಾಕೆಟ್ಟಿನ ಒಳಜೇಬಿನಲ್ಲಿ ಇಡಿ.

ಮನೆ ಬೆಚ್ಚಗಿರುತ್ತದೆ ಎಂದು ಮಗಳು ಹೇಳಿದ್ದು ಪೂರ್ತಿ ನಿಜ. ಅಲ್ಲಿನ ಕಿಟಕಿಗಳಿಗೆ ಮೂರು ಪದರ ಗಾಜು. ಕೋಣೆ ಇಡೀ ದಿನ 21 ಡಿಗ್ರಿ ಆಸುಪಾಸಿನಲ್ಲಿರುತ್ತದೆ. ಡಿಸೆಂಬರ್ ಬೆಳಗಿನ ನಿಮ್ಮ ಅಡುಗೆಮನೆಗಿಂತ ಅವಳ ಅಡುಗೆಮನೆಯೇ ಬೆಚ್ಚಗಿರಬಹುದು. ಆದರೆ ಆ ಗಾಳಿ ಒಣ. ಮೈನಸ್ 10ರ ಗಾಳಿ ಒಂದು ಘನ ಮೀಟರ್‌ಗೆ ಹೆಚ್ಚೆಂದರೆ ಎರಡು ಗ್ರಾಂ ಚಿಲ್ಲರೆ ನೀರಾವಿ ಹಿಡಿಯುತ್ತದೆ. ಅದೇ ಗಾಳಿ ಒಳಗೆ ಬಂದು 21 ಡಿಗ್ರಿಗೆ ಬಿಸಿಯಾದರೆ 18 ಗ್ರಾಂ ಹಿಡಿಯಬಲ್ಲದು. ಆ ಕೊರತೆಯನ್ನು ಅದು ನಿಮ್ಮ ಚರ್ಮದಿಂದ, ಮೂಗಿನಿಂದ, ಗಂಟಲಿನಿಂದ ಹೀರುತ್ತದೆ. ಮಲೆನಾಡಿನ ತೇವದಲ್ಲಿ ಬೆಳೆದ ಮೈಗೆ ಇದು ಚಳಿಗಿಂತ ಬೇಗ ತಟ್ಟುತ್ತದೆ. ಮೊದಲ ವಾರದಲ್ಲೇ ಮೈ ತುರಿಕೆ, ಮೂಗಿನೊಳಗೆ ಹಕ್ಕಳೆ. ಯಜಮಾನರು ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುತ್ತಿರುತ್ತಾರೆ, ಆ ಹಕ್ಕಳೆ ಕಿತ್ತರೆ ರಕ್ತ ಬೇಗ ನಿಲ್ಲುವುದಿಲ್ಲ. ಮೂಗಿಗೆ ಉಪ್ಪುನೀರಿನ ಹನಿ ಹಾಕಿಕೊಳ್ಳಲಿ. ಸ್ನಾನ ಉಗುರುಬೆಚ್ಚಗೆ, ಚುಟುಕಾಗಿ. ಮೈ ಒರೆಸಿದ ತಕ್ಷಣ ಕ್ರೀಮ್ ಹಚ್ಚಿ. ಕೊಬ್ಬರಿ ಎಣ್ಣೆಯೂ ಆಗುತ್ತದೆ. 24 ಡಿಗ್ರಿಗಿಂತ ಕೆಳಗೆ ಅದು ಹೆಪ್ಪುಗಟ್ಟುವುದರಿಂದ ಅಲ್ಲಿ ಕಪಾಟಿನಲ್ಲೇ ಬಿಳಿಯಾಗಿ ಕೂತಿರುತ್ತದೆ. ಬಾಯಿ ಅಗಲ ಇರುವ ಡಬ್ಬಿಯಲ್ಲಿ ಒಯ್ಯಿರಿ.

ನೀರು ಕುಡಿಯುವುದನ್ನು ಮರೆಯಬೇಡಿ. ಚಳಿಯಲ್ಲಿ ಬಾಯಾರಿಕೆ ಗೊತ್ತಾಗುವುದಿಲ್ಲ, ಮೂತ್ರ ಮಾತ್ರ ಜಾಸ್ತಿ ಹೋಗುತ್ತದೆ. ಬಿಪಿ ಮಾತ್ರೆ ನುಂಗುವವರು ನೀರು ಕಡಿಮೆ ಕುಡಿದರೆ ಎದ್ದು ನಿಂತಾಗ ತಲೆ ಸುತ್ತುತ್ತದೆ. ಹಾಗೆ ಸುತ್ತಿ ರಾತ್ರಿ ಬಚ್ಚಲಿಗೆ ಹೋಗುವಾಗ ಬಿದ್ದರೆ, ಹೊರಗೆ ಗಡ್ಡೆಯ ಮೇಲೆ ಬಿದ್ದಷ್ಟೇ ಅಪಾಯ.

ಕತ್ತಲೆಯ ಬಗ್ಗೆ ನೆಂಟರು ಏನೂ ಹೇಳಿಲ್ಲ, ಅದು ಆಶ್ಚರ್ಯ. ಹೆಲ್ಸಿಂಕಿಯಲ್ಲಿ ಡಿಸೆಂಬರ್ ಕೊನೆಯ ಹಗಲು ಆರು ಗಂಟೆಯೂ ಇರುವುದಿಲ್ಲ. ಜನವರಿ ಕೊನೆಗೆ ಸೂರ್ಯ 9 ಗಂಟೆಗೆ ಸ್ವಲ್ಪ ಮುಂಚೆ ಹುಟ್ಟಿ ನಾಲ್ಕೂಕಾಲರ ಸುಮಾರಿಗೆ ಮುಳುಗುತ್ತಾನೆ. ಮೋಡವಿದ್ದರೆ ಅಷ್ಟೂ ಕಾಣುವುದಿಲ್ಲ. ಇದರ ಜೊತೆಗೆ ಮೂರೂವರೆ ಗಂಟೆಯ ವ್ಯತ್ಯಾಸ. ನಮ್ಮೂರಿನ ಬೆಳಗಿನ ಐದೂವರೆ ಅಂದರೆ ಅಲ್ಲಿ ರಾತ್ರಿ ಎರಡು. ಯಜಮಾನರು ಎರಡಕ್ಕೇ ಎದ್ದು ಕೂರುತ್ತಾರೆ, ಮಧ್ಯಾಹ್ನ ಮೂರಕ್ಕೆ ತೂಕಡಿಸುತ್ತಾರೆ. ಹಗಲು ಕಂಡ ಕೂಡಲೇ ಕಿಟಕಿ ಪರದೆ ಸರಿಸಿ, ಆ ಹೊತ್ತಿನಲ್ಲಿ ನಿದ್ದೆ ಬೇಡ. ಅರ್ಧ ಗಂಟೆ ಬೆಳಕಿಗೆ ಹೋಗಿ ಬಂದರೆ ರಾತ್ರಿ ನಿದ್ದೆ ಒಂದು ವಾರದಲ್ಲಿ ಹಿಡಿತಕ್ಕೆ ಬರುತ್ತದೆ. ಕತ್ತಲಲ್ಲಿ ನಡೆಯುವವರು ಹೊಳೆಯುವ ರಿಫ್ಲೆಕ್ಟರ್ ಧರಿಸುವ ರೂಢಿ ಅಲ್ಲಿದೆ. ಜಾಕೆಟ್ಟಿನ ಅಂಚಿಗೆ ನೇತುಹಾಕುವ ಸಣ್ಣ ಬಿಲ್ಲೆ, ಯಾವ ಅಂಗಡಿಯಲ್ಲೂ ಸಿಗುತ್ತದೆ. ಕಪ್ಪು ಜಾಕೆಟ್ ಹಾಕಿದವರು ಕಾರಿನವರಿಗೆ ಕಾಣುವುದು ಅದರಿಂದಲೇ.

ಮನಸ್ಸು ಮಂಕಾಗುವುದೂ ಉಂಟು. ಫಿನ್‌ಲ್ಯಾಂಡಿನವರಿಗೂ ಆಗುತ್ತದೆ. ಅದಕ್ಕೆಂದೇ ಪ್ರಖರ ಬೆಳಕಿನ ದೀಪವನ್ನು ಬೆಳಗ್ಗೆ ಮೇಜಿನ ಮೇಲಿಟ್ಟುಕೊಂಡು ಕೂರುತ್ತಾರೆ. ಮಗಳ ಮನೆಯಲ್ಲಿ ಇದ್ದರೆ ನೀವೂ ಬಳಸಿ. ಬಾಣಂತಿ ಮಗಳ ಮನಸ್ಸಿನ ಕಡೆಗೂ ಕಣ್ಣಿರಲಿ. ಎರಡು ವಾರ ಮೀರಿ ಅಳು, ನಿದ್ದೆ ಬಾರದಿರುವುದು, ಕೂಸಿನ ಮೇಲೆ ಮನಸ್ಸಿಲ್ಲದಿರುವುದು ಕಂಡರೆ ಅದನ್ನು ಚಳಿ-ಕತ್ತಲೆಯ ಲೆಕ್ಕಕ್ಕೆ ಬರೆದು ಸುಮ್ಮನಾಗಬೇಡಿ. ನ್ಯೂವೊಲಾ ಎಂಬ ತಾಯಿ-ಮಕ್ಕಳ ಆರೋಗ್ಯ ಕೇಂದ್ರಗಳು ಅಲ್ಲಿ ಎಲ್ಲ ಕಡೆ ಇವೆ, ಸೇವೆ ಉಚಿತ. ಮಗಳು ಈಗಾಗಲೇ ಹೋಗುತ್ತಿರುತ್ತಾಳೆ. ಅಲ್ಲಿನ ನರ್ಸ್ ಹತ್ತಿರ ಹೇಳಲು ಹೇಳಿ.

ಇನ್ನು ಕೂಸಿನ ಪ್ರಶ್ನೆ. ಎಣ್ಣೆ-ನೀರಿಗೆ ಚಳಿ ಅಡ್ಡಿಯಲ್ಲ, ಮನೆಯೊಳಗೆ ಚಳಿಯೇ ಇಲ್ಲವಲ್ಲ. ಹಗುರವಾಗಿ ಎಣ್ಣೆ ಸವರಿ, ಬೆಚ್ಚಗಿನ ನೀರಿನಲ್ಲಿ ಮೀಯಿಸಿ, ಚೆನ್ನಾಗಿ ಒರೆಸಿ. ಮೂಗಿಗೆ, ಕಿವಿಗೆ ಎಣ್ಣೆ ಬಿಡುವುದು ಬೇಡ. ಸಾಂಬ್ರಾಣಿ ಬೇಡವೇ ಬೇಡ. ಹಸುಗೂಸಿನ ಶ್ವಾಸಕೋಶಕ್ಕೆ ಹೊಗೆ ಇಲ್ಲೂ ಒಳ್ಳೆಯದಲ್ಲ, ಅಲ್ಲೂ ಒಳ್ಳೆಯದಲ್ಲ. ಅಲ್ಲಿ ಮನೆಮನೆಯಲ್ಲೂ ಹೊಗೆ ಕಂಡರೆ ಕಿರುಚುವ ಅಲಾರಂ ಇರಲೇಬೇಕೆಂಬ ಕಾನೂನಿದೆ. ಚಳಿಗಾಳಿ ಬರುತ್ತದೆ ಎಂದು ಗೋಡೆಯ ಮೇಲಿನ ಗಾಳಿಯ ಕಿಂಡಿಗೆ ಬಟ್ಟೆ ತುರುಕುವವರೂ ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಇಷ್ಟು ಬಿಗಿಯಾದ ಮನೆಗೆ ಉಸಿರಾಟ ಅದೊಂದೇ.

ನನಗೆ ಇಲ್ಲಿ ಕಾಣುವ ಅಪಾಯ ಕೂಸಿಗೆ ಚಳಿಯಾಗುವುದಲ್ಲ, ಸೆಕೆಯಾಗುವುದು. ಹೊರಗೆ ಹಿಮ ಕಂಡ ಅಜ್ಜಿಯರು ಒಳಗೆ 21 ಡಿಗ್ರಿ ಇದ್ದರೂ ಟೋಪಿ, ಸ್ವೆಟರ್, ಮೇಲೆರಡು ಹೊದಿಕೆ ಹಾಕುತ್ತಾರೆ. ಮಲಗಿದ ಕೂಸು ಅತಿಯಾಗಿ ಬಿಸಿಯಾಗುವುದು ಹಠಾತ್ ಸಾವಿನ ಅಪಾಯ ಹೆಚ್ಚಿಸುವ ಸಂಗತಿಗಳಲ್ಲೊಂದು. ಮನೆಯೊಳಗೆ ಮಲಗುವಾಗ ತಲೆಗೆ ಟೋಪಿ ಬೇಡ, ಮುಖದ ಹತ್ತಿರ ದಿಂಬು-ದುಪ್ಪಟಿ ಬೇಡ, ಅಂಗಾತ ಮಲಗಿಸಿ. ಅಂಗೈ ತಣ್ಣಗಿದ್ದರೆ ಗಾಬರಿ ಬೇಡ, ಕತ್ತಿನ ಹಿಂಭಾಗ ಮುಟ್ಟಿ ನೋಡಿ. ಅಲ್ಲಿ ಬೆಚ್ಚಗೆ, ಒಣಗಿದ್ದರೆ ಸಾಕು. ಬೆವರಿದ್ದರೆ ಒಂದು ಪದರ ತೆಗೆಯಿರಿ. ಕಾರಿನಲ್ಲಿ ಕೂರಿಸುವಾಗ ದಪ್ಪ ಅಂಗಿಯ ಮೇಲೆ ಬೆಲ್ಟ್ ಕಟ್ಟಿದರೆ ಬೆಲ್ಟ್ ಸಡಿಲವಾಗಿರುತ್ತದೆ. ತೆಳು ಬಟ್ಟೆಯಲ್ಲಿ ಬೆಲ್ಟ್ ಕಟ್ಟಿ, ಅದರ ಮೇಲೆ ಹೊದಿಸಿ.

ಒಂದು ದೃಶ್ಯಕ್ಕೆ ಈಗಲೇ ಮನಸ್ಸು ಗಟ್ಟಿಮಾಡಿಕೊಳ್ಳಿ. ಫಿನ್‌ಲ್ಯಾಂಡಿನವರು ಕೂಸುಗಳನ್ನು ಗಾಡಿಯಲ್ಲಿ ಮಲಗಿಸಿ ಬಾಲ್ಕನಿಯಲ್ಲೋ ಅಂಗಳದಲ್ಲೋ ಬಿಡುತ್ತಾರೆ, ಸೊನ್ನೆಗಿಂತ ಕೆಳಗಿದ್ದರೂ. ಕೂಸು ದಪ್ಪ ಚೀಲದೊಳಗೆ ಗಡದ್ದಾಗಿ ನಿದ್ದೆ ಮಾಡುತ್ತಿರುತ್ತದೆ, ಮೂಗಿನ ತುದಿ ಮಾತ್ರ ಕೆಂಪಗೆ. ಸಾಮಾನ್ಯವಾಗಿ ಮೈನಸ್ 10ಕ್ಕಿಂತ ಕೆಳಗಿಳಿದರೆ ಹೊರಗೆ ಮಲಗಿಸುವುದಿಲ್ಲ. ಸರ್ಕಾರವೇ 1938ರಿಂದ ತಾಯಂದಿರಿಗೆ ಒಂದು ಪೆಟ್ಟಿಗೆ ಕೊಡುತ್ತಾ ಬಂದಿದೆ. ಮೊದಲು ಬಡವರಿಗೆ, 1949ರಿಂದ ಎಲ್ಲರಿಗೂ. ಅದರೊಳಗೆ ಚಳಿಗಾಲದ ಅಂಗಿ, ಮಲಗುವ ಚೀಲ ಎಲ್ಲ ಇರುತ್ತವೆ. ಮಗಳು ಅದನ್ನು ಆಯ್ದುಕೊಂಡಿದ್ದರೆ ನೀವು ಇಲ್ಲಿಂದ ಕೂಸಿನ ಸ್ವೆಟರ್ ಹೊರುವುದೇ ಬೇಡ. ನೀವು ಕೂಸನ್ನು ಹೊರಗೆ ಮಲಗಿಸಲೇಬೇಕೆಂದಿಲ್ಲ. ಆದರೆ ಮಗಳು-ಅಳಿಯ ಹಾಗೆ ಮಾಡಲು ಹೊರಟರೆ ಜಗಳ ಬೇಡ. ಆ ಊರಿನವರಿಗೆ ಚಳಿಯ ಅಳತೆ ನಮಗಿಂತ ಚೆನ್ನಾಗಿ ಗೊತ್ತು.

ಬಾಣಂತಿಗೆ ನೀರು ಕಡಿಮೆ ಕೊಡಬೇಕು ಎಂಬ ಪದ್ಧತಿ ನಿಮ್ಮ ಮನೆಯಲ್ಲಿದ್ದರೆ ಅದನ್ನು ಇಲ್ಲೇ ಬಿಟ್ಟು ಹೋಗಿ. ಹಾಲೂಡಿಸುವ ತಾಯಿ, ಮೇಲಿಂದ ಆ ಒಣ ಗಾಳಿ. ಅವಳಿಗೆ ಬಾಯಾರಿದಷ್ಟೂ ನೀರು ಬೇಕು. ಹೆರಿಗೆಯಾದ ಹೊಸತರಲ್ಲಿ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೇಗೂ ಹೆಚ್ಚು, ನೀರು ಕಡಿಮೆಯಾದರೆ, ಮಲಗೇ ಇದ್ದರೆ ಇನ್ನೂ ಹೆಚ್ಚು. ಕಿವಿಗೆ ಹತ್ತಿ, ತಲೆಗೆ ಬಟ್ಟೆ ಕಟ್ಟಿಕೊಳ್ಳುವುದರಿಂದ ತೊಂದರೆಯಿಲ್ಲ.

ಈಗ ನೀವು ಕೇಳಿದ ಮೂರು ದಾರಿ.

ನೀವೊಬ್ಬರೇ ಹೋಗುವುದು. ನನಗೆ ಇದು ಅಷ್ಟು ಹಿಡಿಸುವುದಿಲ್ಲ. ನಡುವೆ ವಿಮಾನ ಬದಲಿಸಬೇಕಾಗುತ್ತದೆ. ಮಂಡಿ ನೋವಿರುವವರು ವಿಮಾನ ನಿಲ್ದಾಣದಲ್ಲಿ ಗಾಲಿಕುರ್ಚಿ ಕೇಳಿ ಪಡೆಯಬಹುದು ನಿಜ. ಆದರೆ ಇಲ್ಲಿ ಹೃದಯದ ತೊಂದರೆ ಇರುವ ಯಜಮಾನರು ತಿಂಗಳುಗಟ್ಟಲೆ ಒಬ್ಬರೇ ಇರುತ್ತಾರಲ್ಲ, ಅದನ್ನೂ ಲೆಕ್ಕಕ್ಕೆ ತಗೊಳ್ಳಬೇಕು. ಅವರನ್ನು ಬಿಟ್ಟು ಹೋದರೆ ಅವರು ಸುರಕ್ಷಿತ ಎಂದು ನೀವು ಅಂದುಕೊಂಡಿದ್ದೀರಿ. ಹಾಗೇನೂ ಇಲ್ಲ.

ಇಬ್ಬರೂ ಏಪ್ರಿಲ್‌ಗೆ ಹೋಗುವುದು. ದೇಹಕ್ಕೆ ಇದು ಸಲೀಸು. ಅಷ್ಟರಲ್ಲಿ ಹಗಲು 13 ಗಂಟೆ ದಾಟಿರುತ್ತದೆ, ಗಡ್ಡೆ ಬಹುತೇಕ ಕರಗಿರುತ್ತದೆ. ಮಾರ್ಚ್ ಮಾತ್ರ ನಡುವಿನ ದಾರಿ ಎಂದು ಆರಿಸಬೇಡಿ. ಹಗಲು ಕರಗಿ ರಾತ್ರಿ ಗಟ್ಟಿಯಾಗುವ ಆಟ ಆಗಲೇ ಜೋರು, ಮಾಡಿನ ಮೇಲಿಂದ ಹಿಮದ ಗಡ್ಡೆಗಳೂ ಬೀಳುತ್ತವೆ. ಕಟ್ಟಡದ ಮುಂದೆ ಪಟ್ಟಿ ಕಟ್ಟಿ ದಾರಿ ಮುಚ್ಚಿದ್ದರೆ ರಸ್ತೆಯ ಆಚೆ ಬದಿಗೆ ಹೋಗಬೇಕು. ಏಪ್ರಿಲ್‌ಗೆ ಹೋದರೆ ಹೆರಿಗೆಯ ಹೊಸತಿನ ವಾರಗಳು ತಪ್ಪುತ್ತವೆ, ಅದು ನಿಮಗೆ ಸಣ್ಣ ವಿಷಯವಲ್ಲ ಎಂದು ಗೊತ್ತು. ಆದರೆ ಮಗಳು ಒಂಟಿಯಾಗಿರುವುದಿಲ್ಲ. 2022ರ ಹೊಸ ನಿಯಮದಂತೆ ಅಲ್ಲಿ ತಾಯಿಗೂ ತಂದೆಗೂ ತಲಾ 160 ದಿನದ ಪೋಷಕರ ಭತ್ಯೆ ಇದೆ. ಅಳಿಯಂದಿರು ರಜೆ ಹಾಕಿ ಮನೆಯಲ್ಲೇ ಇರಬಹುದು.

ಇಬ್ಬರೂ ಜನವರಿಯಲ್ಲಿ ಹೋಗುವುದು. ಪರೀಕ್ಷೆಗಳು ಸರಿಬಂದರೆ ನನ್ನ ಒಪ್ಪಿಗೆ ಇದಕ್ಕೇ. ಯಜಮಾನರು ಎರಡು ಮಹಡಿ ಮೆಟ್ಟಿಲನ್ನು ಏದುಸಿರಿಲ್ಲದೆ ಹತ್ತಬೇಕು, ಇತ್ತೀಚಿನ ತಿಂಗಳುಗಳಲ್ಲಿ ಎದೆ ಬಿಗಿತ ಆಗಿರಬಾರದು, ಬಿಪಿ ಹಿಡಿತದಲ್ಲಿರಬೇಕು, ಅವರ ಹೃದಯ ವೈದ್ಯರು ಸರಿ ಅನ್ನಬೇಕು. ನೀವು ಗೋಡೆಯ ಪಕ್ಕ ಒಂಟಿ ಕಾಲಿನಲ್ಲಿ ಹತ್ತು ಸೆಕೆಂಡು ನಿಂತು ನೋಡಿ, ಪಕ್ಕದಲ್ಲಿ ಯಾರಾದರೂ ಇರಲಿ. ಆಗದಿದ್ದರೆ, ಅಥವಾ ಕಳೆದ ವರ್ಷ ಒಮ್ಮೆಯಾದರೂ ಬಿದ್ದಿದ್ದರೆ, ಏಪ್ರಿಲ್ ಆರಿಸಿ. ನಿಮ್ಮ ವಯಸ್ಸಿನ ಹೆಂಗಸರಿಗೆ ಮೂಳೆ ಟೊಳ್ಳಾಗಿರುವುದು ಸಾಮಾನ್ಯ, ಮೂಳೆ ಸಾಂದ್ರತೆಯ ಪರೀಕ್ಷೆ, ವಿಟಮಿನ್ ಡಿ ಪರೀಕ್ಷೆ ಮಾಡಿಸಿಕೊಳ್ಳಿ. ಕಣ್ಣಿನ ಪೊರೆ ಇದೆಯೇ ನೋಡಿಸಿ. ಇವತ್ತಿನಿಂದಲೇ ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದನ್ನು ದಿನಕ್ಕೆರಡು ಸಲ, ಹತ್ತು ಹತ್ತು ಬಾರಿ ಮಾಡಿ. ಮಂಡಿ ನೋವು ಜಾಸ್ತಿಯಾದರೆ ಎತ್ತರದ ಕುರ್ಚಿ ಬಳಸಿ. ತೊಡೆ ಗಟ್ಟಿಯಾದಷ್ಟೂ ಬೀಳುವುದು ಕಡಿಮೆ.

ಅಲ್ಲಿ ಯಜಮಾನರು ಬಿದ್ದು ತಲೆಗೆ ಪೆಟ್ಟಾದರೆ, ಎದ್ದು ನಗುತ್ತಿದ್ದರೂ ಆಸ್ಪತ್ರೆಗೆ ತೋರಿಸಲೇಬೇಕು. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವವರಿಗೆ ತಲೆಯೊಳಗೆ ನಿಧಾನವಾಗಿ ರಕ್ತ ಜಿನುಗಬಹುದು. ಬೀಳುವ ಭಯಕ್ಕೆ ಆ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸುವುದು ಅದಕ್ಕಿಂತ ದೊಡ್ಡ ಅಪಾಯ. ತುರ್ತಲ್ಲದ ತೊಂದರೆಗೆ ಮೊದಲು 116117ಕ್ಕೆ ಫೋನ್ ಮಾಡಿ ಕೇಳಬೇಕು, ಎಲ್ಲಿಗೆ ಹೋಗಬೇಕೆಂದು ಅವರೇ ಹೇಳುತ್ತಾರೆ.

ಲಸಿಕೆ ಮರೆಯಬೇಡಿ. ಫ್ಲೂ ಲಸಿಕೆ, ವೈದ್ಯರು ಹೇಳಿದರೆ ನ್ಯುಮೋನಿಯಾ ಲಸಿಕೆ, ಜೊತೆಗೆ ನಾಯಿಕೆಮ್ಮಿನ ರಕ್ಷಣೆ ಇರುವ ಟಿಡ್ಯಾಪ್. ನಾಯಿಕೆಮ್ಮು ನಿಮಗೆ ಬರೀ ಕೆಮ್ಮಾದರೆ ಹಸುಗೂಸಿಗೆ ಪ್ರಾಣಾಂತಿಕ. ಹೊರಡುವುದಕ್ಕೆ ಕನಿಷ್ಠ ಎರಡು ವಾರ ಮುಂಚೆ ಆಗಿರಬೇಕು.

ಫಿನ್‌ಲ್ಯಾಂಡಿಗೆ ಹೋಗಲು ಬೇಕಾದ ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೋ ವಿಮೆ ಬೇಕು. ಅದಷ್ಟಕ್ಕೇ ಸಮಾಧಾನಪಡಬೇಡಿ. ಮೊದಲೇ ಇದ್ದ ಕಾಯಿಲೆಗೆ ಎಷ್ಟೋ ಪಾಲಿಸಿಗಳು ಹಣ ಕೊಡುವುದಿಲ್ಲ. ಸ್ಟೆಂಟ್, ಬಿಪಿ, ಶುಗರ್ ಬರೆದುಕೊಟ್ಟು, ಅವುಗಳಿಗೂ ರಕ್ಷಣೆ ಇದೆ ಎಂದು ಬರಹದಲ್ಲಿ ತಗೊಳ್ಳಿ. ನಮ್ಮ ವೈದ್ಯರ ಚೀಟಿಗೆ ಅಲ್ಲಿನ ಔಷಧಿ ಅಂಗಡಿ ಮಾತ್ರೆ ಕೊಡುವುದಿಲ್ಲ. ವೀಸಾದಲ್ಲಿ ಇರಲು ಬಿಡುವುದು ಹೆಚ್ಚೆಂದರೆ 90 ದಿನ, ಔಷಧಿಯನ್ನೂ ಸ್ವಂತ ಬಳಕೆಗೆ ಮೂರು ತಿಂಗಳಿಗಾಗುವಷ್ಟು ಒಯ್ಯಬಹುದು. ಸ್ಟ್ರಿಪ್‌ನಿಂದ ಬಿಡಿಸದೆ, ಚೀಟಿಯ ಜೊತೆ, ಕೈಚೀಲದಲ್ಲೇ ಇಟ್ಟುಕೊಳ್ಳಿ. ದಪ್ಪ ಜಾಕೆಟ್, ಕ್ಯಾಪ್, ಗ್ಲೌಸ್ ಕೂಡ ಕೈಯಲ್ಲೇ ಇರಲಿ, ದೊಡ್ಡ ಸೂಟ್‌ಕೇಸಿನಲ್ಲಿ ಹಾಕಿದರೆ ಅದು ತಡವಾಗಿ ಬಂದ ದಿನ ಕಷ್ಟ.

ಕೊನೆಗೆ ತುಪ್ಪ. ಯುರೋಪಿನ ಒಕ್ಕೂಟಕ್ಕೆ ಹೊರಗಿನಿಂದ ಹಾಲಿನ ಪದಾರ್ಥ ತರುವಂತಿಲ್ಲ. ತುಪ್ಪ, ಬೆಣ್ಣೆ, ಖೋವಾ, ಪೇಡ ಎಲ್ಲ ಆ ಲೆಕ್ಕಕ್ಕೆ ಬರುತ್ತವೆ, ಕಸ್ಟಮ್ಸ್‌ನವರು ಕಂಡರೆ ತೆಗೆದುಬಿಡುತ್ತಾರೆ. ಅಂಟು, ಒಣ ಕೊಬ್ಬರಿ, ಉತ್ತುತ್ತೆ, ಗಸಗಸೆ, ಬೆಲ್ಲ ಬಿಡಿಬಿಡಿಯಾಗಿ ಒಯ್ದು ಉಂಡೆಯನ್ನು ಅಲ್ಲೇ ಕಟ್ಟಿ. ಬೆಣ್ಣೆಗೆ ಅಲ್ಲಿ ಬರವಿಲ್ಲ. ಆದರೆ ಅಂಗಡಿಯಲ್ಲಿರುವ ಬೆಣ್ಣೆಗೆ ಸಾಮಾನ್ಯವಾಗಿ ಉಪ್ಪು ಹಾಕಿರುತ್ತಾರೆ. ಉಪ್ಪಿಲ್ಲದ್ದನ್ನು ನೋಡಿ ತರಲು ಅಳಿಯಂದಿರಿಗೆ ಮುಂಚೆಯೇ ಹೇಳಿಡಿ. ಪೊಟ್ಟಣದ ಮೇಲೆ ಸುವೊಲಾಟೊನ್ ಎಂದು ಬರೆದಿರುತ್ತದೆ. ಕಾಯಿಸುವಾಗ ಒಲೆ ಮೇಲಿನ ಫ್ಯಾನ್ ಹಾಕಿ, ತಳ ಹಿಡಿಯದಂತೆ ಉರಿ ಸಣ್ಣಗಿರಲಿ, ಹೊಗೆಯೆದ್ದರೆ ಅಲಾರಂ ಕೂಗುತ್ತದೆ.